ಬಾವುಟ ಎತ್ತುವ ಕೈ

ಇಸ್ತ್ರಿ ಅಂಗಡಿಯ ಅಜ್ಮಿಗೆ ಬಲಗೈ ಮೇಲೆತ್ತಲು ಆಗದೆ ಹೋದದ್ದು ಯಾರ ತಪ್ಪು ಅಂತೀರಿ? ಕೈರೋದ ಆ ಗಲ್ಲಿಯವರೆಲ್ಲರದೂ! ಭುಜ ಹಿಡಿದುಕೊಂಡಿದೆ ಅಂದದ್ದೇ ತಡ, ಒಬ್ಬರಾದ ಮೇಲೊಬ್ಬರು ಬಂದು ಅಲುಗಿಸಲೇಬೇಡ ಎಂದರು. ಹೆಂಡತಿ ದೌಲತ್ ತನ್ನ ತಲೆವಸ್ತ್ರದಿಂದ ಆ ಕೈಯನ್ನು ಎದೆಗೆ ಬಿಗಿದು ಕಟ್ಟಿದಳು. ಬೇಸಿಗೆ ಕಳೆಯುವಷ್ಟರಲ್ಲಿ ಭುಜ ಮರಗಟ್ಟಿ ಕೂತಿತು.

ಇಸ್ತ್ರಿಗೆ ತಮ್ಮನಿದ್ದ. ತಾರಸಿಯ ಪಾರಿವಾಳಗಳಿಗೆ ಯಾರು ಗತಿ? ಸಂಜೆ ಉದ್ದ ಕೋಲಿನ ಬಾವುಟವನ್ನು ತಲೆಯ ಮೇಲೆ ಬೀಸಿ ಹಿಂಡು ಹಾರಿಸಬೇಕು, ಬಾವುಟ ಇಳಿಸಿ ಸಿಳ್ಳೆ ಹಾಕಿ ಕರೆಯಬೇಕು. ದಾರಿ ತಪ್ಪಿ ಬೇರೆಯವನ ತಾರಸಿಗೆ ಇಳಿದ ಹಕ್ಕಿ ಅವನದೇ. ವಾಪಸ್ಸು ಕೇಳುವ ಹಾಗಿಲ್ಲ, ಅದು ಅಲ್ಲಿನ ಕಟ್ಟಳೆ. ಎದುರು ತಾರಸಿಯ ಶಹಾತಾ ಬಾಯಲ್ಲಿ ನೀರೂರಿಸಿಕೊಂಡು ಕಾಯುತ್ತಿದ್ದ.

"ಮಾರ್ಬಿಡೋ ಅಜ್ಮಿ. ಮೂಗಿನ ಮೇಲಿನ ನೊಣ ಓಡ್ಸೋಕಾಗಲ್ಲ, ನಿಂಗ್ಯಾಕೆ ಹಿಂಡು?" ಎಂದು ಕಾಫಿ ಅಂಗಡಿಯಲ್ಲಿ ಕೆಣಕಿದ.

ಅಜ್ಮಿಗೆ ರೇಗಿತು. ನಾಲ್ಕು ಜನರೆದುರು ಮಾತು ಕೊಟ್ಟೇಬಿಟ್ಟ: "ಹಬ್ಬದ ದಿನ ನಾನೇ ಬಾವುಟ ಎತ್ತಿ ಹಾರಿಸ್ತೀನಿ. ಆಗ್ಲಿಲ್ಲ ಅಂದ್ರೆ ಹಿಂಡು ನಿಂದೇ, ಹೋಗೋ!"

ಮನೆಗೆ ಬಂದ ಮೇಲೆ ಆಡಿದ ಮಾತಿನ ಭಾರ ತಿಳಿಯಿತು. ಆ ಹಕ್ಕಿಗಳೆಂದರೆ ಅವನಿಗೆ ಪ್ರಾಣ. ಮರುದಿನವೇ ಆಸ್ಪತ್ರೆಗೆ ಓಡಿದ.

ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ನಶ್ವಾ ಮೊದಲು ಆ ಕಟ್ಟು ಬಿಚ್ಚಿಸಿದಳು. "ಕಟ್ಟಿಟ್ರೆ ಕೀಲು ಬಿಗಿದುಕೊಳ್ದೆ ಇನ್ನೇನಾಗುತ್ತೆ ಕಾಕಾ? ಬೆರಳಿನಿಂದ ಗೋಡೆ ಹತ್ತಿ. ಇರುವೆ ಹತ್ತೋ ಹಾಗೆ."

"ನೋಯುತ್ತಮ್ಮಾ!"

"ನೋಯ್ಲಿ. ನೋವು ಬಂದಾಗೆಲ್ಲ ಒಳಗೇನೋ ಹರಿದುಹೋಯ್ತು ಅಂತಲ್ಲ. ಸ್ವಲ್ಪ ಹೊತ್ತಲ್ಲಿ ಇಳಿದ್ರೆ ಸರಿಯಾಗಿದೆ ಅಂತ. ರಾತ್ರಿಯೆಲ್ಲ ಕಾಡಿದ್ರೆ ನಾಳೆ ಕಮ್ಮಿ ಮಾಡಿ. ಆದ್ರೆ ನಿಲ್ಲಿಸ್ಬೇಡಿ."

ಹೀಗೆ ಸಂಜೆಯೆಲ್ಲ ಅವನು ಆಸ್ಪತ್ರೆಯಲ್ಲಿ, ದೌಲತ್ ತಾರಸಿಯಲ್ಲಿ. ಪಾರಿವಾಳದ ಹೆಸರೆತ್ತಿದರೆ ಉರಿದುಬೀಳುತ್ತಿದ್ದ ಹೆಂಗಸು! "ನನ್ನ ಸವತಿಗಳಿಗೆ ನಾನೇ ಕಾಳು ಹಾಕ್ಬೇಕು, ನೋಡಿ ನನ್ನ ಹಣೆಬರಹ" ಎಂದು ಗೊಣಗುತ್ತಲೇ ಮೆಟ್ಟಿಲು ಹತ್ತುತ್ತಿದ್ದಳು.

ಕೈ ಕಿವಿಯ ತನಕ ಏರಿದ ದಿನ ಅಜ್ಮಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆ ತಾರಸಿಗೆ ಹೋಗಿ ಉದ್ದ ಕೋಲನ್ನೇ ಹಿಡಿದು ಮನಸಾರೆ ಬೀಸಿದ. ಆತುರಗಾರನಿಗೆ ಬುದ್ಧಿ ಮಟ್ಟ. ರಾತ್ರಿಯೆಲ್ಲ ಮಗ್ಗುಲು ಹೊರಳಲಾಗದೆ ನರಳಿ, ಮುಖ ಸಪ್ಪಗೆ ಮಾಡಿಕೊಂಡು ನಶ್ವಾಳೆದುರು ಕೂತ.

ಅವಳು ಬೈಯಲಿಲ್ಲ. ಕೈಗೊಂದು ಟವೆಲ್ ಕೊಟ್ಟಳು. "ಇದನ್ನ ಬೀಸಿ ಕಾಕಾ. ಹಗುರಾದ್ಮೇಲೆ ಗಿಡ್ಡ ಕೋಲು. ಉದ್ದದ್ದು ಆಮೇಲೆ." ಅಜ್ಮಿ ಅಂಗಡಿಯಲ್ಲೂ ಟವೆಲ್ ಬೀಸಿದ. ಗಿರಾಕಿಗಳು ನಕ್ಕರೆ ತಾನೂ ನಕ್ಕ. ದಿನದಿನಕ್ಕೆ ಭುಜ ಸಡಿಲಾಯಿತು.

ಹಬ್ಬದ ಸಂಜೆ ಶಹಾತಾ ಬೆತ್ತದ ಪಂಜರ ಹೊತ್ತುಕೊಂಡೇ ಅಜ್ಮಿಯ ತಾರಸಿಗೆ ಬಂದ. ಅಜ್ಮಿ ಕೋಲು ಹಿಡಿದ. ಕಿವಿ ದಾಟುವಾಗ ಭುಜ ಚುರ್ರೆಂದಿತು. ಹೆದರಲಿಲ್ಲ, ಉಸಿರು ಬಿಟ್ಟು ಇನ್ನಷ್ಟು ಎತ್ತಿದ. ಬಾವುಟ ನೆತ್ತಿಯ ಮೇಲೆ ತಿರುಗಿತು, ಹಿಂಡು ಭರ್ರೆಂದು ಎದ್ದಿತು. ಸಂತೋಷಕ್ಕೆ ಅವನ ಕಣ್ಣು ತುಂಬಿತು.

ಆಮೇಲೆ ಬಾವುಟ ಇಳಿಸಿ ಸಿಳ್ಳೆ ಹಾಕಿದ. ಒಂದೇ ಒಂದು ಹಕ್ಕಿಯೂ ಇಳಿಯಲಿಲ್ಲ. ಮತ್ತೆ ಹಾಕಿದ. ಊಹೂಂ. ಶಹಾತಾ ತನ್ನ ತಾರಸಿಯ ಕಡೆ ಕಣ್ಣು ಹಾಯಿಸಿ ಮೀಸೆಯಲ್ಲೇ ನಕ್ಕ.

ದೌಲತ್ ಮುಂದೆ ಬಂದು, ಎರಡು ಬೆರಳು ಬಾಯಿಗಿಟ್ಟು, ಗಲ್ಲಿಗೆ ಗಲ್ಲಿಯೇ ಬೆಚ್ಚುವಂತೆ ಸಿಳ್ಳೆ ಹೊಡೆದಳು. ಹಿಂಡು ಸುತ್ತು ಮುರಿದು ಸೀದಾ ಅವಳ ತಲೆ, ಹೆಗಲು, ತೋಳುಗಳ ಮೇಲೆ ಇಳಿಯಿತು.

ಶಹಾತಾ ಹೋ ಎಂದು ನಕ್ಕ. "ಲೋ, ಕೈ ಬಂತು, ಹಕ್ಕಿ ಹೋದ್ವಲ್ಲೋ! ಈಗಾದ್ರೂ ಮಾರ್ತೀಯಾ?"

"ನನ್ನೇನ್ ಕೇಳ್ತೀಯಾ? ಯಜಮಾನಿ ಅಲ್ಲಿದ್ದಾಳೆ," ಎಂದ ಅಜ್ಮಿ.

"ಮುಟ್ಟಿ ನೋಡಲಿ, ಕೈ ಮುರೀತೀನಿ!" ಎಂದಳು ದೌಲತ್.

ಶಹಾತಾ ಖಾಲಿ ಪಂಜರದೊಂದಿಗೆ ಇಳಿದುಹೋದ. ಅಜ್ಮಿಗೆ ಹೊಟ್ಟೆಕಿಚ್ಚು ಆಗಬೇಕಿತ್ತು, ಆಗಲಿಲ್ಲ. ಇಷ್ಟು ವರ್ಷ ತಾರಸಿಯಲ್ಲಿ ತಾನೊಬ್ಬನೇ ಇದ್ದೆನಲ್ಲ ಎಂದಷ್ಟೇ ಅನ್ನಿಸಿತು.

"ನಂಗೂ ಆ ಸಿಳ್ಳೆ ಹೇಳ್ಕೊಡೇ," ಎಂದ ಮೆಲ್ಲಗೆ.

"ಇಷ್ಟು ಬೇಗ ಬರಲ್ಲ. ದಿನಾ ಅಭ್ಯಾಸ ಮಾಡ್ಬೇಕು," ಎಂದು ದೌಲತ್ ಅವನ ಬಲಗೈ ಹಿಡಿದು, ಬೆರಳುಗಳನ್ನು ಬಾಯಿಯವರೆಗೆ ಎತ್ತಿ ತೋರಿಸಿದಳು.