ಅದೇ ಬಣ್ಣದ ಬೆಲ್ಟು

ಸೂಜಿಯ ತುದಿಯಿಂದ ಒತ್ತಿದಾಗಲೆಲ್ಲ ಪಿನ್ನು ಒಂದಿಷ್ಟು ಒಳಸರಿದು ಮತ್ತೆ ಮುಂದಕ್ಕೆ ಚಿಮ್ಮುತ್ತಿತ್ತು. ಮಗಳು ಅಡುಗೆಮನೆಯ ಮೇಜಿನ ಮೇಲೆ ಟವೆಲ್ ಹಾಸಿ, ಅಪ್ಪನ ಕೈಗಡಿಯಾರವನ್ನು ಬೋರಲು ಹಾಕಿಕೊಂಡು, ಉಸಿರು ಬಿಗಿಹಿಡಿದು ಕೂತಿದ್ದಳು. ಕೊನೆಯ ದಿನ ಊದಿಕೊಂಡಿದ್ದ ಕೈಯಿಂದ ಬಿಚ್ಚಲು ಬಾರದೆ ಆಸ್ಪತ್ರೆಯವರು ಬೆಲ್ಟನ್ನೇ ಕತ್ತರಿಸಿಬಿಟ್ಟಿದ್ದರು. ಆ ತುಂಡುಗಳನ್ನು ತೆಗೆದು ಬೇರೆ ಬೆಲ್ಟು ಹಾಕಬೇಕಿತ್ತು. ಹೊರಗಿನ ಕೋಣೆಯಲ್ಲಿ ಅಪ್ಪ ಪೆಟ್ಟಿಗೆಯೊಳಗೆ ಮಲಗಿದ್ದ.

"ಬರಿಗೈಲಿ ಕಳಿಸೋದು ಬೇಡ ಪುಟ್ಟೀ," ಎಂದಿದ್ದಳು ಅಮ್ಮ. "ವಾಚಿಲ್ದೆ ಹೊಸಿಲು ದಾಟಿದೋರಲ್ಲ ಅವರು."

ಕೊನೆಗೂ ಪಿನ್ನು ಕಳಚಿತು.

"ಬೇರೆ ಬೆಲ್ಟು ಇದ್ಯೇನಮ್ಮಾ?"

"ಹೊಲಿಗೆ ಡಬ್ಬೀಲಿ... ತಡಿ, ತಡಿ, ನಾನೇ ಕೊಡ್ತೀನಿ."

ಅಷ್ಟರಲ್ಲಿ ಮಗಳು ಮುಚ್ಚಳ ತೆರೆದಾಗಿತ್ತು. ದಾರದುಂಡೆಗಳ ಅಡಿಯಲ್ಲಿ, ಬಟ್ಟೆಯಲ್ಲಿ ಸುತ್ತಿಟ್ಟ ಮೂರು ಬೆಲ್ಟುಗಳಿದ್ದವು. ಮೂರೂ ಅದೇ ಕಂದು ಬಣ್ಣದವು. ಮೇಜಿನ ಮೇಲೆ ಸಾಲಾಗಿ ಇಟ್ಟಾಗ ಒಂದಕ್ಕಿಂತ ಒಂದು ಗಿಡ್ಡ.

"ಏನಮ್ಮಾ ಇದು? ಅಂಗಡಿ ಇಡೋಕೆ ಹೊರಟಿದ್ಯಾ?"

ಅಮ್ಮ ಕುರ್ಚಿ ಎಳೆದು ಕೂತಳು. ಹೇಳಲೋ ಬೇಡವೋ ಎಂಬಂತೆ ಹೊರಗಿನ ಕೋಣೆಯ ಕಡೆ ನೋಡಿದಳು.

*

ಕಾಯಿಲೆ ಎಂಥದೆಂದು ಡಾಕ್ಟರು ಅವಳೊಬ್ಬಳನ್ನೇ ಒಳಗೆ ಕರೆದು ಹೇಳಿದ್ದರು. ಗಂಡನಿಗೆ ಅವಳು ಹೇಳಿದ್ದು ಬೇರೆ: ಹೊಟ್ಟೆಹುಣ್ಣಂತೆ, ಮಾಯೋದಕ್ಕೆ ಸ್ವಲ್ಪ ಸಮಯ ಬೇಕಂತೆ.

ಅವನು ಕನ್ನಡಿ ನಂಬುವವನಲ್ಲ, ಅಳತೆ ನಂಬುವವನು. ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ಕೂದಲೆಳೆಯ ವ್ಯತ್ಯಾಸವನ್ನು ಬೆರಳಲ್ಲೇ ಹೇಳುತ್ತಿದ್ದವನು. ಬೆಳಿಗ್ಗೆ ಸ್ನಾನ ಮಾಡಿ ಬಂದು, ವಾಚು ಕಟ್ಟಿ, ಬಕಲನ್ನು ನಡುವಿನ ತೂತಿಗೆ ಸಿಕ್ಕಿಸಿ, "ನೋಡು, ಅಲ್ಲೇ ನಿಂತಿದೆ. ಒಂದು ಚೂರೂ ಇಳಿದಿಲ್ಲ," ಎನ್ನುತ್ತಿದ್ದ. ಒಂದು ದಿನ ಬಕಲು ಮುಂದಿನ ತೂತಿಗೆ ಹೋಯಿತು. ಅವನು ತಿಂಡಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

ಮರುದಿನವೇ ಅವಳು ಪೇಟೆ ಸುತ್ತಿ ಅದೇ ಬಣ್ಣದ್ದು, ಒಂದು ಅಳತೆ ಚಿಕ್ಕದು, ಹುಡುಕಿ ತಂದಳು. ಎಣ್ಣೆ ಸವರಿದಳು, ಗೋಡೆಗೆ ಉಜ್ಜಿದಳು, ನಡುವಿನ ತೂತನ್ನು ಮೊಳೆಯಿಂದ ತಿರುವಿ ಹಳತು ಮಾಡಿದಳು. ಅವನು ಬಚ್ಚಲಿಗೆ ಹೋದೊಡನೆ, ಒಂದು ಕಿವಿ ಚಿಲಕದ ಮೇಲಿಟ್ಟು, ಬೆಲ್ಟು ಬದಲಾಯಿಸಿದಳು.

"ನಿನ್ನೆ ಏನೋ ಯಡವಟ್ಟಾಗಿತ್ತು ಕಣೇ," ಎಂದ ಅವನು ಕಟ್ಟಿಕೊಳ್ಳುತ್ತಾ. "ಅಲ್ಲೇ ಇದೆ."

ಆ ದಿನ ಅವನು ಎರಡು ತುತ್ತು ಹೆಚ್ಚಿಗೆ ಉಂಡ. ಅಷ್ಟು ಸಾಕಿತ್ತು ಅವಳಿಗೆ. ಆಮೇಲೆ ಮತ್ತೊಂದು ತಂದಳು. ಅದೂ ಸಡಿಲವಾದಾಗ ಇನ್ನೊಂದು.

*

ಹೊರಗಿನ ಕೋಣೆಯ ಗುಸುಗುಸು ಥಟ್ಟನೆ ನಿಂತಿತು. ಚಿಕ್ಕಪ್ಪ ಬಂದಿದ್ದ.

ಎರಡು ಬೀದಿ ಆಚೆ ಅವನ ಮನೆ. ಮಗಳು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅವನು ಈ ಮನೆಗೆ ಕೊನೆಯ ಸಲ ಬಂದದ್ದು. ಅಣ್ಣತಮ್ಮ ಇಬ್ಬರೂ ಒಂದೇ ಕಾರ್ಖಾನೆ. ದೊಡ್ಡ ಮುಷ್ಕರದ ಸಮಯದಲ್ಲಿ, ಹೆಂಡತಿ ಹೆರಿಗೆಯಲ್ಲಿ ಸಾಯುವಂತಾಗಿದ್ದಾಗ, ತಮ್ಮ ಯಾರಿಗೂ ಹೇಳದೆ ಹಿಂಬಾಗಿಲಿನಿಂದ ಕೆಲಸಕ್ಕೆ ಹೋದ. ಅಣ್ಣ ಮುಷ್ಕರದ ಮುಂದಾಳು. ಮುಷ್ಕರ ಮುರಿದ ಮೇಲೆ ಅವನನ್ನು ಲೇತ್‌ನಿಂದ ತೆಗೆದು ಉಗ್ರಾಣ ಗುಡಿಸಲು ಹಾಕಿದರು. ಆಗ ಮುಚ್ಚಿದ ಬಾಯಿ ತಮ್ಮನ ಮುಂದೆ ಮತ್ತೆ ತೆರೆಯಲಿಲ್ಲ.

ಚಿಕ್ಕಪ್ಪ ಪೆಟ್ಟಿಗೆಯ ಬಳಿ ತುಂಬ ಹೊತ್ತು ನಿಂತಿದ್ದ. ಆಮೇಲೆ ನೆಟ್ಟಗೆ ಅಡುಗೆಮನೆಗೆ ಬಂದ. ಅವನ ಹಿಂದೆ ನೀರಿನ ಲೋಟ ಹಿಡಿದು ಅಪ್ಪನ ಗೆಳೆಯ, ಬೀದಿ ಕೊನೆಯ ಕ್ಷೌರದಂಗಡಿಯವನೂ ಬಂದ.

"ಅತ್ತಿಗೇ, ಕೊನೆಗೆ... ನನ್ನ ವಿಷಯ ಏನಾದ್ರೂ ಅಂದ್ನಾ?"

"ಅಂದ್ರಪ್ಪಾ," ಎಂದಳು ಅಮ್ಮ. "ಹೋದ ತಿಂಗಳು ಅಂದ್ರು. 'ಹುಷಾರಾಗ್ಲಿ, ನಾನೇ ಅವನ ಮನೆಗೆ ಹೋಗ್ತೀನಿ' ಅಂತ."

ಅದು ಸುಳ್ಳಲ್ಲ, ಮಗಳೂ ಕೇಳಿಸಿಕೊಂಡಿದ್ದಳು. ಚಿಕ್ಕಪ್ಪನ ಮುಖ ಒಮ್ಮೆಗೇ ಕರಗಿತು. ತೋಳಿನಿಂದ ಕಣ್ಣೊರೆಸಿಕೊಂಡ. ಒರೆಸಿಕೊಳ್ಳುತ್ತಲೇ ಏನೋ ಹೊಳೆದಂತೆ ಕೈ ಕೆಳಗಿಳಿಸಿದ.

"ಹುಷಾರಾಗ್ತೀಯ ಅಂತ ಅವನಿಗೆ ಹೇಳಿದ್ಯಾರು?"

"...ನಾನೇ."

"ನೀವು!" ಅವನ ದನಿ ಏರಿತು. "ಸಾಯ್ತೀನಿ ಅಂತ ಗೊತ್ತಿದ್ರೆ ಆವತ್ತೇ ಹೇಳಿಕಳಿಸ್ತಿದ್ದ. ಎರಡು ಬೀದಿ ಅತ್ತಿಗೇ, ಎರಡೇ ಬೀದಿ! ಎದ್ದು ಬಿದ್ದು ಓಡಿ ಬರ್ತಿದ್ದೆ. ಕಾಲು ಹಿಡೀತಿದ್ದೆ. ಇದ್ದ ಒಂದು ದಾರೀನೂ ಮುಚ್ಚಿಬಿಟ್ರಲ್ಲ!"

"ಚಿಕ್ಕಪ್ಪಾ, ಮೆಲ್ಲಗೆ..." ಎಂದಳು ಮಗಳು. ಅಮ್ಮ ತಲೆ ಎತ್ತಲಿಲ್ಲ. ಮೇಜಿನ ಮೇಲಿದ್ದ ಬೆಲ್ಟುಗಳನ್ನು ಅಂಗೈಯಿಂದ ಮುಚ್ಚಿದಳು.

ಕ್ಷೌರದಂಗಡಿಯವನಿಗೆ ತಡೆಯಲಾಗಲಿಲ್ಲ. "ಅಕ್ಕನ್ನ ಯಾಕ್ ಅಂತೀರಿ? ನಿಮ್ಮಣ್ಣನಿಗೇ ಎಲ್ಲಾ ಗೊತ್ತಿತ್ತು."

*

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ಅಪ್ಪ ಗೆಳೆಯನ ಅಂಗಡಿಗೆ ಬರುತ್ತಿದ್ದ. ಒಮ್ಮೆ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು, ಮಣಿಕಟ್ಟು ಎತ್ತಿ ತೋರಿಸಿದ.

"ನೋಡೋ, ಇದು ಮೂರನೇ ಬೆಲ್ಟು. ನಾನು ಬಚ್ಚಲಿಗೆ ಹೋದಾಗ ಬದಲಾಯಿಸ್ತಾಳೆ. ಗೊತ್ತಾಗಲ್ಲ ಅಂದ್ಕೊಂಡಿದ್ದಾಳೆ."

"ನಿಂಗೆ ಹೇಗೆ ಗೊತ್ತಾಯ್ತು?"

"ಜೀವಮಾನವೆಲ್ಲ ಅಳತೆ ನೋಡಿದ ಕೈ ಕಣಯ್ಯಾ ಇದು." ನೊರೆಯೊಳಗಿಂದಲೇ ನಕ್ಕ. "ಪಾಪ, ಅವಳಿಗೆ ಪಿನ್ನು ಕೂರಿಸೋಕೆ ಬರಲ್ಲ, ತಡವಾಗುತ್ತೆ. ಸ್ನಾನ ಮುಗಿದ್ರೂ ನಾನು ಒಳಗೇ ಸ್ಟೂಲ್ ಮೇಲೆ ಕೂತು ನೀರು ಸುರೀತಾ ಇರ್ತೀನಿ. ಹೊರಗೆ ಬರೋಕೆ ಮುಂಚೆ ಜೋರಾಗಿ ಒಂದ್ಸಲ ಕೆಮ್ತೀನಿ."

ಗೆಳೆಯ ಕತ್ತಿಯನ್ನು ಪಕ್ಕಕ್ಕಿಟ್ಟು ಕೇಳಿದ್ದ: "ತಮ್ಮನ್ನ ಒಂದ್ಸಲ ಕರೆದುಕೊಂಡು ಬರ್ಲಾ?"

ಅವನು ಕಣ್ಣು ಮುಚ್ಚಿಕೊಂಡ. "ಕೈ ನಿಲ್ಲಿಸ್ಬೇಡ. ನೊರೆ ಒಣಗುತ್ತೆ."

*

ಈ ಕೊನೆಯ ಮಾತನ್ನು ಕ್ಷೌರದಂಗಡಿಯವನು ಹೇಳಲಿಲ್ಲ. ಬಚ್ಚಲಲ್ಲಿ ಕೂತು ಕೆಮ್ಮುವ ಮಾತಿಗೇ ನಿಲ್ಲಿಸಿದ. ಆದರೆ ಮಾತು ಆಡಿದರೆ ಹೋಯಿತು. ಚಿಕ್ಕಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

"ಅಂದ್ರೆ... ಸಾಯ್ತೀನಿ ಅಂತ ಗೊತ್ತಿದ್ದೇ ಅಂದನಾ ಅದನ್ನ? ಹುಷಾರಾದ್ಮೇಲೆ ಬರ್ತೀನಿ ಅಂತ?"

ಕ್ಷೌರದಂಗಡಿಯವನು ಲೋಟದೊಳಗಿನ ನೀರನ್ನು ನೋಡುತ್ತಿದ್ದ.

ಅಮ್ಮನಿಗೆ ಚಿಕ್ಕಪ್ಪನ ಮಾತು ಕೇಳಿಸಿದಂತೆಯೇ ಇರಲಿಲ್ಲ. "ಅಷ್ಟು ಹೊತ್ತು ಒಳಗೇ ಕೂತಿರ್ತಿದ್ರಾ?" ಎಂದಳು. "ನೀರು ತಣ್ಣಗಾಗಿರ್ತಿತ್ತಲ್ಲ. ಮೊದಲೇ ಎದೇಲಿ ಕಫ ಅವರಿಗೆ..." ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಬೆನ್ನು ಮಾತ್ರ ಅಲುಗುತ್ತಿತ್ತು.

ಆಮೇಲೆ ತಾನೇ ಎಲ್ಲಕ್ಕಿಂತ ಉದ್ದನೆಯ ಬೆಲ್ಟನ್ನು ಎತ್ತಿ ಮಗಳ ಕೈಗಿಟ್ಟಳು.

"ಇದು ಸಡಿಲ ಆಗುತ್ತಮ್ಮಾ."

"ಆಗ್ಲಿ. ಇದೇ ಅವರದ್ದು."

ಮಗಳು ಬೆಲ್ಟು ಕೂರಿಸಿ, ಹೊರಗೆ ಹೋಗಿ, ಅಪ್ಪನ ಕೈಗೆ ಕಟ್ಟಿದಳು. ಊತ ಇಳಿದು ಮಣಿಕಟ್ಟು ಕಡ್ಡಿಯಂತಾಗಿತ್ತು. ಕೊನೆಯ ತೂತಿಗೆ ಹಾಕಿದರೂ ವಾಚು ಜಾರಿ ಮುಂಗೈಯ ನಡುವೆ ಹೋಗಿ ನಿಂತಿತು. ಅವಳು ಅದನ್ನು ಹಾಗೆಯೇ ಬಿಟ್ಟಳು.

ಪೆಟ್ಟಿಗೆ ಮುಚ್ಚಿದರು. ಬೀದಿ ಕಿರಿದು, ಗಾಡಿ ಒಳಗೆ ಬರುವುದಿಲ್ಲ. ದೊಡ್ಡ ರಸ್ತೆಯ ತನಕ ಹೆಗಲ ಮೇಲೆಯೇ ಹೋಗಬೇಕು. ಮಗಳ ಗಂಡ, ಕ್ಷೌರದಂಗಡಿಯವನು, ಹಳೆಯ ಕಾರ್ಖಾನೆಯವನೊಬ್ಬ ಹೆಗಲು ಕೊಟ್ಟರು. ಹಿಂದಿನ ಒಂದು ಮೂಲೆ ಖಾಲಿ ಇತ್ತು. ಚಿಕ್ಕಪ್ಪ ಯಾರನ್ನೂ ಕೇಳದೆ ಬಂದು ಅಲ್ಲಿ ನಿಂತ.

ಎತ್ತಿದಾಗ ಗೊತ್ತಾಯಿತು, ಅವನು ಉಳಿದವರಿಗಿಂತ ಗೇಣುದ್ದ ಗಿಡ್ಡ. ಪೆಟ್ಟಿಗೆ ಅವನ ಹೆಗಲಿಗೆ ತಾಗಲೇ ಇಲ್ಲ. ಅವನು ತೋಳೆತ್ತಿ, ಅಂಗೈಯನ್ನು ಅದರ ಅಡಿಗೆ ಚಾಚಿದ. ಬೆರಳ ತುದಿಗಳಷ್ಟೇ ಮರಕ್ಕೆ ತಗುಲಿದವು.

"ಬಿಡಿ ಮಾವಾ, ನಾವೇ ಸಾಕು," ಎಂದ ಅಳಿಯ, ಮುಂದಿನಿಂದ.

ಅವನು ಬಿಡಲಿಲ್ಲ. ತೂಕವೆಲ್ಲ ಮೂವರ ಮೇಲಿತ್ತು. ಅವನು ತುದಿಗಾಲಲ್ಲಿ ಎಡವುತ್ತ, ತೋಳನ್ನು ಮೇಲಕ್ಕೆ ಚಾಚಿಕೊಂಡೇ, ಬೀದಿಯ ಉದ್ದಕ್ಕೂ ನಡೆದ.