ಸೋಮವಾರದ ಸುಳ್ಳು

"ಇದೇನಮ್ಮ, ಇವತ್ತೂ ಹೆಸರು, ತಾರೀಖು ಅಷ್ಟೇನಾ?" ಟೀಚರ್ ಹಾಳೆ ಎತ್ತಿ ಹಿಡಿದರು.

"ಏನ್ ಬರೀಬೇಕು ಅಂತ ಗೊತ್ತಾಗಲ್ಲ ಟೀಚರ್." ಇಸ್ತ್ರಿ ಅಂಗಡಿಯವನ ಮಗಳು ನೆಲ ನೋಡಿದಳು.

"ಬಾಯಿ ಬಿಟ್ರೆ ಮುಚ್ಚಲ್ಲ, ಪೆನ್ ಹಿಡಿದ್ರೆ ಮೌನವ್ರತ!" ಹಿಂದಿನ ಬೆಂಚಿನಿಂದ ಯಾರೋ ಅಂದರು. ತರಗತಿ ಗೊಳ್ಳೆಂದಿತು.

ನಗುವ ಮಾತಾಗಿರಲಿಲ್ಲ. ಇವತ್ತು ಒಂದು ಪುಟವಾದರೂ ಬರೆಯದಿದ್ದರೆ ಹುಡುಗಿಯನ್ನು ಕೆಳಗಿನ ತರಗತಿಗೆ ಇಳಿಸುತ್ತೇನೆಂದು ಹೆಡ್ ಮೇಡಂ ಹೇಳಿಯಾಗಿತ್ತು. 'ನನ್ನ ನೆಚ್ಚಿನ ಋತು', 'ಓದಿನ ಮಹತ್ವ' ಎಂದು ಟೀಚರ್ ಕೊಟ್ಟ ವಿಷಯಗಳೆಲ್ಲ ಬೋರ್ಗಲ್ಲ ಮೇಲೆ ಮಳೆ ಹೊಯ್ದಂತಾಗಿದ್ದವು. ಉಳಿದದ್ದು ಅರ್ಧ ಗಂಟೆ. ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ನಿಂತ ಟೀಚರಿಗೆ ತಾವು ಚಿಕ್ಕವರಿದ್ದಾಗ ಕಲಿಸಿದ ಮೇಷ್ಟ್ರು ನೆನಪಾದರು.

ಆ ಮೇಷ್ಟ್ರು ವಿಷಯ ಕೊಡುತ್ತಲೇ ಇರಲಿಲ್ಲ. ಸೋಮವಾರ ಬಂದರೆ ಹಲಗೆಯ ಮೇಲೊಂದು ಹಸಿ ಸುಳ್ಳು ಬರೆದು, ಕೈ ಕೊಡವಿ, ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದರು. 'ಬೆಕ್ಕು ಹೇಳಿದ ಮಾತು ಕೇಳುತ್ತದೆ.' 'ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಯಾರಿಗೂ ಬೇಡ.' ಮಕ್ಕಳು "ಸುಳ್ಳು ಮೇಷ್ಟ್ರೇ!" ಎಂದು ಕೂಗಿದರೆ, "ನಂಗೆ ಕಿವಿ ಮಂದ. ಬರೆದು ತೋರ್ಸಿ," ಅನ್ನುತ್ತಿದ್ದರು.

ಒಂದು ಸೋಮವಾರ 'ನಾಲ್ಕು ಮಕ್ಕಳಿರುವ ಮನೆಯಲ್ಲಿ ಜಗಳವೇ ಇರುವುದಿಲ್ಲ' ಎಂದು ಬರೆದುಬಿಟ್ಟರು. ಟೀಚರ್ ಆಗಿನ್ನೂ ಎರಡು ಜಡೆಯ ಹುಡುಗಿ, ನಾಲ್ವರಲ್ಲಿ ಮೂರನೆಯವಳು. ಮೈಯೆಲ್ಲ ಉರಿದುಹೋಯಿತು. ಅಕ್ಕ ಬಚ್ಚಿಡುತ್ತಿದ್ದ ಬಾಚಣಿಗೆ, ತಮ್ಮನ ಕಳ್ಳ ಅಳು, ಒಂದೇ ಕೊಡೆಯ ಕೆಳಗೆ ನಾಲ್ಕು ತಲೆ... ಹಾಳೆಯ ಎರಡೂ ಮಗ್ಗುಲು ತುಂಬಿದವು. ಮೇಷ್ಟ್ರು ಕೆಳಗೆ ಬರೆದದ್ದು ಒಂದೇ ಪದ: 'ಆಮೇಲೆ?' ಅದನ್ನು ತೋರಿಸಲು ಮನೆಗೆ ಓಡಿದ್ದು ಈಗಲೂ ಕಾಲಿಗೆ ನೆನಪಿತ್ತು. ತೋರಿಸಿದ್ದು ಅಕ್ಕನಿಗೇ, ಬಾಚಣಿಗೆಯ ಸಾಲು ಓದಿ ಅವಳು ತಲೆಗೊಂದು ಮೊಟಕಿದ್ದಳು.

ಟೀಚರ್ ಹಲಗೆ ಒರೆಸಿ ಬರೆದರು: 'ಇಸ್ತ್ರಿ ಪೆಟ್ಟಿಗೆ ಬಿಸಿಯಾದರೆ ಸಾಕು, ಬಟ್ಟೆ ತಾನಾಗಿ ನೆಟ್ಟಗಾಗುತ್ತದೆ.'

ಹುಡುಗಿ ತಲೆಯೆತ್ತಿದಳು. "ಯಾರ್ ಹೇಳಿದ್ದು ನಿಮ್ಗೆ?"

"ಯಾರೋ ಹೇಳಿದ್ರು. ಯಾಕೆ, ತಪ್ಪಾ?"

"ತಪ್ಪಾ ಅಂತೆ!" ಗೊಣಗಿ ಪೆನ್ನಿನ ಮುಚ್ಚಳ ಕಚ್ಚಿ ತೆಗೆದಳು. ಮುಚ್ಚಳ ಹಲ್ಲಿನಲ್ಲೇ ಉಳಿಯಿತು.

ಗಂಟೆ ಹೊಡೆದು ಬೆಂಚುಗಳೆಲ್ಲ ಖಾಲಿಯಾದವು. ಅವಳು ಕೊನೆಗೆ ಎದ್ದು, ಹಾಳೆಯನ್ನು ಮೇಜಿನ ಮೇಲೆ ಬಡಿದಂತೆ ಇಟ್ಟು ಹೋದಳು.

ಒಂದು ಪುಟವಲ್ಲ, ಒಂದೂವರೆ. ಅಕ್ಷರಗಳು ಒಂದರ ಮೇಲೊಂದು ಬಿದ್ದು ಓಡಿದ್ದವು. ಕಾಲರಿಗೆ ಒಳಮಗ್ಗುಲಿನಿಂದ ಶುರುಮಾಡಬೇಕು. ರೇಷ್ಮೆಯ ಮೇಲೆ ತೆಳುಬಟ್ಟೆ ಹಾಸಬೇಕು. ಅಪ್ಪ ಕಾವು ನೋಡಲು ಪೆಟ್ಟಿಗೆಯನ್ನು ಕೆನ್ನೆಯ ಹತ್ತಿರ ತರುತ್ತಾನೆ, ಅಮ್ಮ ದಿನಾ ಬೈಯುತ್ತಾಳೆ, ಅಪ್ಪ ದಿನಾ ತರುತ್ತಾನೆ. ಕೊನೆಯಲ್ಲಿ ಹೀಗಿತ್ತು: 'ಟೀಚರ್, ನಿಮ್ಮ ಎಡಗಡೆ ತೋಳಿನಲ್ಲಿ ಎರಡು ಇಸ್ತ್ರಿ ಗೆರೆ ಇದೆ. ಒಂದೇ ಇರಬೇಕು. ಮನೆಯಲ್ಲಿ ಮಾಡಿದ್ದು ಅಂತ ನೋಡಿದರೇ ಗೊತ್ತಾಗುತ್ತದೆ.'

ಹಾಳೆಯನ್ನು ಹೆಡ್ ಮೇಡಂ ಕೋಣೆಗೆ ಒಯ್ಯಲು ಹೊರಟ ಟೀಚರ್, ಬಾಗಿಲ ಬೆಳಕಿನಲ್ಲಿ ನಿಂತು ತೋಳನ್ನು ಮೆಲ್ಲಗೆ ತಿರುಗಿಸಿ ನೋಡಿಕೊಂಡರು. ಹೌದು, ಎರಡಿದ್ದವು.