ಅಣ್ಣ ಅರ್ಥ ಹೇಳದ ರಾಗ

ಬದಿಯಡ್ಕದ ನಮ್ಮ ಮನೆಯಲ್ಲಿ ಭಾರತ ವಾಚನವೆಂದರೆ ಇಬ್ಬರ ಕೆಲಸ. ಒಬ್ಬರು ಪದ್ಯವನ್ನು ರಾಗವಾಗಿ ಓದಿ ನಿಲ್ಲಿಸಿದರೆ ಇನ್ನೊಬ್ಬರು ಅರ್ಥ ಹೇಳಬೇಕು. ಓದುವವಳು ನನ್ನ ಮಗಳು ಪಂಕಜಾಕ್ಷಿ, ಅರ್ಥ ಹೇಳುವವನು ಮನೆಯ ಯಜಮಾನ, ನನ್ನ ಅಣ್ಣ ಮಹಾಬಲ. ಕೇಳುವುದು ತಂಗಿಯಾದ ನನ್ನ ಪಾಲು.

ನಲವತ್ತೆಂಟನೆಯ ಇಸವಿಯಲ್ಲಿ ಮಗಳು ಸಂಗೀತ ಕಲಿಯಲು ಮದರಾಸಿನ ವಿಶ್ವವಿದ್ಯಾಲಯ ಸೇರಿದಳು. ಅಲ್ಲಿ ಗುರುಗಳ ಎದುರು ಒಬ್ಬಳೇ ಕೂತು ಪಾಠವಂತೆ. ಬೇಸಗೆ ರಜೆಗೆ ಬಂದಾಗ ಅಣ್ಣ ಹೇಳಿದ: "ಕಲಿತದ್ದನ್ನು ದೇವರ ಮುಂದೆ ಹಾಡು. ಸರಿ ಕಂಡರೆ ಪುನಃ ಹೋಗು. ಇಲ್ಲದಿದ್ದರೆ ಇಲ್ಲಿಯೇ ಭಾರತ ಓದಿಕೊಂಡಿರು." ಅವಳು ಹೋಗಬೇಕೆಂದು ನಾನು ಮನಸ್ಸಿನಲ್ಲೇ ಕೈಮುಗಿದೆ.

ಅವಳು ಕಣ್ಣು ಮುಚ್ಚಿ ತೋಡಿ ರಾಗ ಎತ್ತಿಕೊಂಡಳು. ಪದವಿಲ್ಲ, ಬರೀ ಸ್ವರ. ಅಣ್ಣ ವೀಳ್ಯದೆಲೆ ಕೈಯಲ್ಲಿ ಹಿಡಿದು, ವಾಡಿಕೆಯಂತೆ ಗಂಟಲು ಸರಿಪಡಿಸಿಕೊಂಡು, ಅವಳು ನಿಲ್ಲುವುದನ್ನೇ ಕಾದ. ಉಸಿರಿಗೆಂದು ನಿಂತದ್ದೇ ತಡ, "ಅಂದರೆ..." ಎಂದು ಶುರುಮಾಡಿದ. ಮುಂದೆ ಏನೂ ಹೊಳೆಯಲಿಲ್ಲ. ಅಷ್ಟರಲ್ಲಿ ಅವಳು ಮತ್ತೆ ಮೇಲೇರಿದ್ದಳು.

ಮುಗಿದ ಮೇಲೆ ಅಣ್ಣ ಕೇಳಿದ: "ಎಂತ ಮಾರಾಯ್ತಿ, ಇದರಲ್ಲಿ ಅರ್ಥ ಎಲ್ಲಿ ಉಂಟು?"

"ನನಗೂ ಗೊತ್ತಿಲ್ಲ ಮಾವ. ಗುರುಗಳಲ್ಲಿ ಕೇಳಿದೆ. ಹಾಡ್ತಾ ಹುಡುಕು ಅಂದರು."

ಎಂದೂ ನಡುವೆ ಬಾಯಿ ಹಾಕದ ನಾನು ಅಂದೆ: "ಅಣ್ಣ, ಎಲೆಗೆ ಸುಣ್ಣ ಹಚ್ಚಲೇ ಮರೆತಿಯಲ್ಲ!"

ಅಣ್ಣ ಕೈಯಲ್ಲಿದ್ದ ಎಲೆಯನ್ನು ಆಶ್ಚರ್ಯದಿಂದ ನೋಡಿಕೊಂಡ.

"ಇನ್ನೊಮ್ಮೆ ಹಾಡು, ನೋಡುವ," ಎಂದ. "ಮತ್ತೆ ಮದರಾಸಿಗೆ ಹೋಗಿ ಆ ಅರ್ಥ ಹುಡುಕಿಕೊಂಡು ಬಾ. ಅರ್ಧದಲ್ಲಿ ಬಿಡ್ಲಿಕ್ಕೆ ಆಗ್ತದಾ?"